ಸವಾಲು–ಜವಾಬಿನ ನೆಲದಲ್ಲಿ ಚರ್ಚಾಕೂಟ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪರಿಸರದ ವಿದ್ಯಾರ್ಥಿ ವಾದಪರಂಪರೆ

1. ಪ್ರಸ್ತಾವನೆ

ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಬರೆದವರು ಅವುಗಳ ಸ್ಥಾಪನೆ, ಆಡಳಿತ, ವಿಭಾಗ, ಪದವಿಗಳ ವಿವರಗಳನ್ನು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ವಿದ್ಯಾರ್ಥಿಗಳು ತಾವೇ ಕೂಡಿ ನಡೆಸಿದ ಚರ್ಚಾಕೂಟಗಳಿಗೆ ಆ ಚರಿತ್ರೆಯಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಇಂಗ್ಲಿಷ್ ಶಿಕ್ಷಣದ ಬೆನ್ನಹಿಂದೆ ಬಂದ ಒಂದು ಪಠ್ಯೇತರ ಚಟುವಟಿಕೆ ಎಂದು ಬಗೆದು, ವಾರ್ಷಿಕ ವರದಿಯ ಕೊನೆಯಲ್ಲಿ ಬಹುಮಾನಿತರ ಪಟ್ಟಿಯೊಡನೆ ಅದನ್ನು ಮುಗಿಸಿಬಿಡುವುದು ರೂಢಿಯಾಗಿದೆ. ಜಾನಪದ ವಿದ್ವಾಂಸರಾದರೂ ಕಾಲೇಜಿನ ವೇದಿಕೆಯನ್ನು ತಮ್ಮ ಅಧ್ಯಯನದ ವ್ಯಾಪ್ತಿಗೆ ಸೇರದ್ದೆಂದೇ ತಿಳಿದು ಅದನ್ನು ದಾಟಿ ಹೋಗಿದ್ದಾರೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಮಟ್ಟಿಗೆ ಈ ಎರಡೂ ತಿಳಿವಳಿಕೆಗಳು ಅಪೂರ್ಣವಾದವು. ಕಾಲೇಜುಗಳು ತಲೆಯೆತ್ತುವ ಬಹುಕಾಲ ಮೊದಲೇ ಎರಡು ಪಕ್ಷ ಕಟ್ಟಿಕೊಂಡು, ಸಭೆಯ ಎದುರು ನಿಂತು, ಎದುರಾಳಿಯ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದೆ ಸಾಗುವ ಹಾಡಿಕೆಯ ಸಂಪ್ರದಾಯ ಈ ನೆಲದಲ್ಲಿ ಬೇರೂರಿತ್ತು. ಹರದೇಶಿ–ನಾಗೇಶಿ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಹೀಗಾಗಿ ಇಲ್ಲಿಯ ವಿದ್ಯಾರ್ಥಿ ಚರ್ಚಾಕೂಟದ ಚರಿತ್ರೆಯೆಂದರೆ ಎರಡು ವಾದಪದ್ಧತಿಗಳು ಒಂದೇ ಊರಿನಲ್ಲಿ, ಹಲವೊಮ್ಮೆ ಒಂದೇ ಮನೆಯಲ್ಲಿ ಎದುರುಬದುರಾದ ಚರಿತ್ರೆ. ಕಾಲೇಜಿನ ಚರ್ಚಾಕೂಟವು ಇಂಗ್ಲಿಷ್ ಮಾದರಿಯಿಂದ ಗಂಟೆಯನ್ನೂ ನಿರ್ಣಾಯಕರನ್ನೂ ಪಡೆಯಿತು. ಆದರೆ ತನ್ನ ಅಂಗಳದಲ್ಲಿಯೇ ಇದ್ದ ಹಾಡಿಕೆಯಿಂದ ಉತ್ತರಿಸುವ ಹೊಣೆಯನ್ನು ಪಡೆಯಲಿಲ್ಲ. ಅದರ ಪಾತ್ರವು ಹಿಗ್ಗಿದ್ದಕ್ಕೂ ಕುಗ್ಗಿದ್ದಕ್ಕೂ ಕಾರಣವನ್ನು ಇಲ್ಲಿಯೇ ಹುಡುಕಬೇಕೆಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ.

ಅಧ್ಯಯನದ ವ್ಯಾಪ್ತಿಯನ್ನು ಕುರಿತು ಒಂದು ಮಾತು ಅಗತ್ಯ. ಇತ್ತೀಚಿನ ಆಡಳಿತ ಪುನರ್ವಿಂಗಡಣೆಯಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆ ತಾಲೂಕುಗಳಾಗಿವೆ. ಸಾಂಸ್ಕೃತಿಕ ಚರಿತ್ರೆಗೆ ಹಳೆಯ ಎಲ್ಲೆಗಳೇ ಹೆಚ್ಚು ಒಪ್ಪುವುದರಿಂದ ಇಲ್ಲಿ ಅವನ್ನೇ ಅನುಸರಿಸಲಾಗಿದೆ. 2014ರ ನವೆಂಬರ್ 1ರವರೆಗೆ ಬಿಜಾಪುರವೆಂದು ಕರೆಯಲಾಗುತ್ತಿದ್ದ ಜಿಲ್ಲೆಯನ್ನು ಉದ್ದಕ್ಕೂ ವಿಜಯಪುರವೆಂದೇ ಬಳಸಲಾಗಿದೆ.

2. ಶಾಲೆ ಮತ್ತು ಗೋಷ್ಠಿ: ಪೂರ್ವಪರಂಪರೆ

ಉನ್ನತ ವಿದ್ಯೆಯ ನೆಲೆಯಾಗಿ ಈ ಪ್ರದೇಶದ ಹೆಸರು ಮೊದಲು ಕಾಣಿಸುವುದು ಶಾಸನದಲ್ಲಿ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ದೊರೆತ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಕಾಲದ ಕ್ರಿ.ಶ. 945ರ ಸ್ತಂಭಶಾಸನವು ಅವನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯನ್ನು ವರ್ಣಿಸುತ್ತದೆ. ತ್ರಯೀಪುರುಷ ದೇವರ ಸನ್ನಿಧಿಯ ಆ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಸತಿಗೆ 27 ಮನೆಗಳಿದ್ದವು. ದೀಪದ ವೆಚ್ಚಕ್ಕೂ ಅಧ್ಯಾಪಕನ ಜೀವನಕ್ಕೂ ಭೂಮಿಯನ್ನು ಬಿಡಲಾಗಿತ್ತು. ದೂರದ ವಿದ್ಯಾರ್ಥಿ ಬಂದು ಉಳಿಯುವ ಊರೊಂದು ಸಾವಿರ ವರ್ಷಗಳ ಹಿಂದೆಯೇ ಭೀಮಾತೀರದ ಈ ಬಯಲಿನಲ್ಲಿತ್ತೆಂಬುದು ಗಮನಾರ್ಹ.

ಇಂಥ ಶಾಲೆ, ಅಗ್ರಹಾರ, ಮಠಗಳಲ್ಲಿ ವಾದವು ವಿದ್ಯೆಯ ಅಂಗವಾಗಿತ್ತು. ಬಳ್ಳಿಗಾವೆಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನವು ಅಲ್ಲಿ ವ್ಯಾಕರಣದೊಡನೆ ಷಡ್ದರ್ಶನಗಳನ್ನೂ ವ್ಯಾಖ್ಯಾನಿಸುತ್ತಿದ್ದರೆಂದು ಹೇಳುತ್ತದೆ. ಆ ದರ್ಶನಗಳಲ್ಲೊಂದಾದ ನ್ಯಾಯವು ಮಾತಿನ ಹೋರಾಟವನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿತು. ಸತ್ಯವನ್ನು ಕಾಣಲೆಂದು ನಡೆಯುವುದು ವಾದ, ಗೆಲ್ಲಲೆಂದು ನಡೆಯುವುದು ಜಲ್ಪ, ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯನ್ನು ಕೆಡವುವುದಷ್ಟೇ ವಿತಂಡಾ. ಮುಂದಿನ ಪರಿಶೀಲನೆಗೆ ಈ ವಿಂಗಡಣೆ ನೆರವಾಗುತ್ತದೆ.

ಅಗ್ರಹಾರದ ವಾದ ಸಂಸ್ಕೃತದಲ್ಲಿ ನಡೆಯುತ್ತಿತ್ತು. ಅದರಲ್ಲಿ ಪಾಲ್ಗೊಳ್ಳುವ ಅಧಿಕಾರ ಕೆಲವರದಾಗಿತ್ತು. ಬಾಗೇವಾಡಿಯೂ ಅಂಥದೇ ಒಂದು ಅಗ್ರಹಾರ. ಇಂಗಳೇಶ್ವರ–ಬಾಗೇವಾಡಿಯ ಪರಿಸರದಲ್ಲಿ ಹುಟ್ಟಿ ಅದನ್ನು ತೊರೆದು ಹೋದ ಬಸವಣ್ಣನ ಸುತ್ತ ಕಲ್ಯಾಣದಲ್ಲಿ ಶರಣರ ಗೋಷ್ಠಿ ನೆರೆಯಿತೆಂದೂ, ಅದು ಅನುಭವ ಮಂಟಪವೆಂದೂ ಪರಂಪರೆ ಹೇಳುತ್ತದೆ. ಆ ಗೋಷ್ಠಿಯ ಚಿತ್ರವನ್ನು ಕಟ್ಟಿಕೊಡುವ ಶೂನ್ಯಸಂಪಾದನೆಗಳು ಹದಿನೈದನೆಯ ಶತಮಾನ ಮತ್ತು ಅನಂತರದ ಕಾಲದವು. ಆದುದರಿಂದ ಅವನ್ನು ಹನ್ನೆರಡನೆಯ ಶತಮಾನದ ನಡಾವಳಿಯೆಂದು ಓದಲಾಗದು. ಆದರೂ ಕನ್ನಡ ಮನಸ್ಸು ವಾದವನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದಕ್ಕೆ ಅವು ಅಮೂಲ್ಯ ಸಾಕ್ಷ್ಯ. ಅಲ್ಲಮನು ಅಕ್ಕಮಹಾದೇವಿಯನ್ನು ಸಭೆಯ ಎದುರು ನಿಲ್ಲಿಸಿ ಕೇಳುತ್ತಾನೆ. ಆಕೆ ಒಂದೊಂದು ಪ್ರಶ್ನೆಗೂ ಉತ್ತರ ಕೊಡುತ್ತಾಳೆ. ಉತ್ತರ ಒಪ್ಪಿಗೆಯಾದ ಮೇಲೆಯೇ ಗೋಷ್ಠಿ ಆಕೆಯನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಹೆಣ್ಣೊಬ್ಬಳು ಸಭೆಯಲ್ಲಿ ಪ್ರಶ್ನೆಗೆ ಗುರಿಯಾಗಿ, ಉತ್ತರದ ಬಲದಿಂದಲೇ ಸ್ಥಾನವನ್ನು ಗಳಿಸುವ ಈ ಪ್ರಸಂಗವು ಮುಂದೆ ನಾವು ನೋಡಲಿರುವ ಹಾಡಿಕೆಗೂ ಕಾಲೇಜಿಗೂ ಒಂದು ಅಳತೆಗೋಲಾಗಬಲ್ಲದು.

3. ಹರದೇಶಿ–ನಾಗೇಶಿ: ಹಾಡಿಕೆಯ ನ್ಯಾಯ

ಮರಾಠಿ ನೆಲದಲ್ಲಿ ಲಾವಣಿಕಾರರು ಶಕ್ತಿಯನ್ನು ಹಿರಿದೆನ್ನುವ ಕಲ್ಗಿ, ಶಿವನನ್ನು ಹಿರಿದೆನ್ನುವ ತುರಾ ಎಂಬ ಎರಡು ಪಂಥಗಳಾಗಿ ಒಡೆದು ಸ್ಪರ್ಧೆಗಿಳಿಯುತ್ತಿದ್ದರು. ಅದರೊಡನೆ ನಂಟುಳ್ಳ ಕನ್ನಡದ ಪಂಥಗಳೇ ಹರದೇಶಿ ಮತ್ತು ನಾಗೇಶಿ. ಹರದೇಶಿಯದು ಗಂಡು ಹೆಚ್ಚೆನ್ನುವ ಪಕ್ಷ, ನಾಗೇಶಿಯದು ಹೆಣ್ಣು ಹೆಚ್ಚೆನ್ನುವ ಪಕ್ಷ. ಸೊಲ್ಲಾಪುರಕ್ಕೆ ಹೊಂದಿಕೊಂಡ ಇಂಡಿ, ಭೀಮೆಯ ದಡದ ಸಿಂದಗಿ ಸೀಮೆಗಳು ಎರಡು ಭಾಷೆಗಳ ಈ ಕೊಡುಕೊಳೆಯ ಹಾದಿಯಲ್ಲಿಯೇ ಇದ್ದವು. ಲಾವಣಿಗೆ ಹಿಮ್ಮೇಳ ಸೇರಿ ಗೀಗೀ ಮೇಳ ರೂಪುಗೊಂಡಿತು. ಮುಂದಾಳು ಹಾಡುಗಾರನ ಕೈಯಲ್ಲಿ ದಪ್ಪು, ಹಿಮ್ಮೇಳದವರಲ್ಲಿ ತುಂತುಣಿ ಮತ್ತು ತಾಳ. ಜಾತ್ರೆಯಲ್ಲಾಗಲಿ ಉರುಸಿನಲ್ಲಾಗಲಿ ಎರಡು ಮೇಳಗಳನ್ನು ಕರೆಸಿ, ರಾತ್ರಿ ಊಟದ ಹೊತ್ತು ಮುಗಿದ ಮೇಲೆ ಆರಂಭಿಸಿ ಬೆಳಗಿನವರೆಗೆ ಹಾಡಿಸುವುದು ವಾಡಿಕೆ. ಡೊಳ್ಳಿನ ಪದಗಳ ಮೇಳಗಳಲ್ಲಿಯೂ ಇಂಥ ಎದುರುಬದುರಿನ ಹಾಡಿಕೆ ಉಂಟು.

ಇದನ್ನು ಮನರಂಜನೆಯೆಂದಷ್ಟೇ ಎಣಿಸಿದರೆ ಅದರ ಒಳಗಿನ ಕಟ್ಟು ಕಾಣದು. ಹಾಡಿಕೆಗೆ ತನ್ನದೇ ಆದ ನ್ಯಾಯವಿದೆ. ಅದನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಪಕ್ಷವು ಪೂರ್ವನಿಶ್ಚಿತ. ಹಾಡುಗಾರ ತನ್ನ ಗುರುಪರಂಪರೆಯಿಂದ ಹರದೇಶಿಯವನೋ ನಾಗೇಶಿಯವನೋ ಆಗಿರುತ್ತಾನೆ. ಗುರುವನ್ನೂ ದೈವವನ್ನೂ ನೆರೆದ ಸಭೆಯನ್ನೂ ನೆನೆದೇ ಹಾಡು ಮೊದಲಾಗುತ್ತದೆ. ಎರಡನೆಯದಾಗಿ, ಸವಾಲಿಗೆ ಜವಾಬು ಕಡ್ಡಾಯ. ಒಂದು ಮೇಳ ಪುರಾಣದ, ಸೃಷ್ಟಿಯ, ಸಂಸಾರದ ಒಂದು ತೊಡಕನ್ನು ಹಾಡಿನಲ್ಲಿ ಒಡ್ಡಿದರೆ ಮತ್ತೊಂದು ಮೇಳ ಅದನ್ನು ಬಿಡಿಸಿಯೇ ತನ್ನ ಮರುಸವಾಲನ್ನು ಹಾಕಬೇಕು. ಬಿಡಿಸದೆ ಬೇರೆ ಹಾಡಿಗೆ ಹಾರಿದರೆ ಸಭೆಗೆ ಅದು ತಿಳಿಯುತ್ತದೆ. ಮೂರನೆಯದಾಗಿ, ಸವಾಲು ಹಾಕಿದವನಿಗೆ ಅದರ ಜವಾಬು ತಿಳಿದಿರಬೇಕೆಂಬ ನಿರೀಕ್ಷೆಯಿದೆ; ತನಗೇ ತಿಳಿಯದ್ದನ್ನು ಕೇಳುವುದು ಹಾಡುಗಾರನಿಗೆ ಶೋಭೆಯಲ್ಲ. ನಾಲ್ಕನೆಯದಾಗಿ, ತೀರ್ಪು ಒಬ್ಬಿಬ್ಬರ ಕೈಯಲ್ಲಿಲ್ಲ. ಸಭೆಯ ಭೇಷ್ ಎಂಬ ಉದ್ಗಾರ, ಎದ್ದು ಬಂದು ಕೊಡುವ ಬಕ್ಷೀಸು, ಮರುವರ್ಷವೂ ಅದೇ ಮೇಳಕ್ಕೆ ಹೋಗುವ ವೀಳ್ಯ ಇವೇ ತೀರ್ಪು. ಕೊನೆಯದಾಗಿ, ರಾತ್ರಿಯಿಡೀ ಕಾದಾಡಿದ ಮೇಳಗಳು ಬೆಳಗಿನ ಜಾವಕ್ಕೆ ಶಿವ–ಶಕ್ತಿಯರ ಸಮರಸವನ್ನು ಹಾಡಿ ಮಂಗಳ ಹೇಳುವುದುಂಟು.

ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಹಾಡಿಕೆಯು ಜಲ್ಪವಾಗಿ ಆರಂಭಗೊಂಡು ವಾದದತ್ತ ಒಲಿಯುವ ಕಲೆ. ಗೆಲ್ಲುವ ಆಸೆ ಮರೆಯಾಗಿರುವುದಿಲ್ಲ. ಆದರೆ ಎದುರಾಳಿಯ ಮಾತನ್ನು ಕಿವಿಗೊಟ್ಟು ಕೇಳದೆ ಇಲ್ಲಿ ಗೆಲ್ಲುವುದು ಸಾಧ್ಯವಿಲ್ಲ.

ಈ ಸಂಪ್ರದಾಯವನ್ನು ಕುರಿತು ಅತಿಯಾದ ಮೋಹವೂ ಸಲ್ಲದು. ಸವಾಲು ಮೂದಲಿಕೆಗೆ, ಮೂದಲಿಕೆ ಅಶ್ಲೀಲಕ್ಕೆ ಇಳಿಯುವುದುಂಟು. ಪುರಾಣದ ಮಾತೇ ಅಂತಿಮ ಪ್ರಮಾಣವಾಗುವುದರಿಂದ ಪುರಾಣವನ್ನೇ ಪ್ರಶ್ನಿಸುವ ಅವಕಾಶ ಇಲ್ಲಿ ಕಿರಿದು. ಹೆಣ್ಣು ಹೆಚ್ಚೆಂದು ವಾದಿಸುವ ನಾಗೇಶಿ ಪಕ್ಷವನ್ನು ಬಹುಕಾಲ ಗಂಡಸರೇ ಹಾಡಿದರು. ಅನಂತರ ಗಾಯಕಿಯರೇ ಮುಂದಾಳುಗಳಾಗಿ ನಿಂತ ಮೇಳಗಳು ಬಂದಾಗಲೂ ಅವರ ಕಲೆಗೆ ದೊರೆತ ಮನ್ನಣೆ ಅವರ ಬಾಳಿಗೆ ದೊರೆಯಲಿಲ್ಲ. ಈ ಮಿತಿಗಳನ್ನು ಒಪ್ಪಿಕೊಂಡ ಮೇಲೂ ಒಂದು ಸಂಗತಿ ಉಳಿಯುತ್ತದೆ. ಅಕ್ಷರ ಬಾರದ ಸಾವಿರಾರು ಕೇಳುಗರಿಗೆ ಒಂದು ವಿಷಯಕ್ಕೆ ಎರಡು ಮಗ್ಗುಲುಗಳಿರುತ್ತವೆ, ಎರಡನ್ನೂ ಕೇಳಿದ ಮೇಲೆ ತೂಗಬೇಕು ಎಂಬ ಅಭ್ಯಾಸವನ್ನು ಕಲಿಸಿದ್ದು ಈ ಹಾಡಿಕೆ.

4. ಹಲಸಂಗಿ: ಕಾಲೇಜಿಲ್ಲದ ಗೋಷ್ಠಿ

ಹಾಡಿಕೆಯ ಲೋಕಕ್ಕೂ ಅಚ್ಚಿನ ಲೋಕಕ್ಕೂ ನಡುವೆ ಸೇತುವೆಯಾದದ್ದು ಅಂದಿನ ಇಂಡಿ ತಾಲೂಕಿನ, ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿ ಗ್ರಾಮ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ‘ಹಲಸಂಗಿ ಗೆಳೆಯರು’ ಎಂಬ ಹೆಸರಿನಲ್ಲಿ ಕಲೆತರು. ಇವರ ಬಳಗಕ್ಕೆ ಯಾವ ವಿಶ್ವವಿದ್ಯಾಲಯದ ಆಶ್ರಯವೂ ಇರಲಿಲ್ಲ. ಓದುವುದು, ಓದಿದ್ದನ್ನು ಗೆಳೆಯರ ನಡುವೆ ಚರ್ಚಿಸುವುದು, ಊರಿನವರ ಬಾಯಿಂದ ಹಾಡುಗಳನ್ನು ಬರೆದುಕೊಳ್ಳುವುದು ಇವು ಮೂರೂ ಅವರಿಗೆ ಒಂದೇ ಕೆಲಸವಾಗಿದ್ದವು.

1931ರಲ್ಲಿ ಬಂದ ‘ಗರತಿಯ ಹಾಡು’ ಸಂಗ್ರಹವು ಕನ್ನಡದಲ್ಲಿ ಜನಪದ ಗೀತೆಗಳ ಅಧ್ಯಯನಕ್ಕೆ ಹೊಸ ದಾರಿಯನ್ನು ತೆರೆಯಿತು. ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು 1933ರ ‘ಜೀವನ ಸಂಗೀತ’. ಅದು ಲಾವಣಿಗಳ ಸಂಗ್ರಹ. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರ ಪ್ರತಿಭೆ ಶಿಷ್ಟ ಓದುಗರಿಗೆ ಪರಿಚಯವಾದದ್ದು ಈ ಗೆಳೆಯರ ಪರಿಶ್ರಮದಿಂದ. ಲಾವಣಿಕಾರ ಖಾಜಾಭಾಯಿ, ಸಂಪಾದಕ ಧೂಲಾಸಾಹೇಬ, ಗೆಳೆಯರಾದ ಚೆನ್ನಮಲ್ಲಪ್ಪ, ಲಿಂಗಣ್ಣ, ರೇವಪ್ಪ ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹಾಡಿಕೆಯ ಸಭೆ ಎಷ್ಟು ಅಗಲವಾಗಿತ್ತೆಂಬುದು ತಾನಾಗಿ ವೇದ್ಯವಾಗುತ್ತದೆ. ಶಿವ–ಶಕ್ತಿಯರ ವಾದವನ್ನು ಮುಸ್ಲಿಂ ಕವಿ ಕಟ್ಟುವುದರಲ್ಲಿ ಆ ಸಭೆಗೆ ವಿಶೇಷವೇನೂ ಕಂಡಿರಲಿಲ್ಲ.

ಹಲಸಂಗಿಯ ಬಳಗವನ್ನು ಚರ್ಚಾಕೂಟವೆಂದು ಕರೆಯುವುದು ಅತಿಶಯೋಕ್ತಿಯಾದೀತು. ಆದರೂ ಪದವಿ, ಪಾರಿತೋಷಕಗಳ ಹಂಗಿಲ್ಲದೆ ಯುವಕರು ಕೂಡಿ ವಿಚಾರ ಮಾಡಬಹುದೆಂಬುದಕ್ಕೆ ಈ ಸೀಮೆಯಲ್ಲಿ ಅದಕ್ಕಿಂತ ಉತ್ತಮ ಉದಾಹರಣೆ ದೊರೆಯದು.

5. ಇಂಗ್ಲಿಷ್ ಮಾದರಿ ಬಂದ ದಾರಿ

ವಿದ್ಯಾರ್ಥಿ ಚರ್ಚಾಸಂಘದ ಆಧುನಿಕ ರೂಪ ಇಂಗ್ಲೆಂಡಿನದು. ಕೇಂಬ್ರಿಜ್ ಯೂನಿಯನ್ 1815ರಲ್ಲಿಯೂ ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿಯೂ ಆರಂಭವಾದವು. ಪಾರ್ಲಿಮೆಂಟಿನ ನಡಾವಳಿಯನ್ನು ಅನುಸರಿಸಿ ಒಂದು ಗೊತ್ತುವಳಿಯನ್ನು ಮಂಡಿಸುವುದು, ಪರ ಮತ್ತು ವಿರೋಧವಾಗಿ ಮಾತಾಡುವುದು, ಕೊನೆಗೆ ಸಭಿಕರ ಮತ ಎಣಿಸುವುದು ಅಲ್ಲಿಯ ಕ್ರಮ. ಭಾರತದಲ್ಲಿ ಇದರ ಮೊದಲ ಪ್ರಖರ ರೂಪ ಕಂಡದ್ದು ಕಲಕತ್ತೆಯಲ್ಲಿ. ಹಿಂದೂ ಕಾಲೇಜಿನ ಯುವ ಅಧ್ಯಾಪಕ ಡಿರೋಜಿಯೋ 1828ರಲ್ಲಿ ತನ್ನ ವಿದ್ಯಾರ್ಥಿಗಳೊಡನೆ ‘ಅಕಾಡೆಮಿಕ್ ಅಸೋಸಿಯೇಷನ್’ ಕಟ್ಟಿದನು. ವಿಧಿ, ಸ್ವೇಚ್ಛೆ, ವಿಗ್ರಹಾರಾಧನೆಗಳಂಥ ವಿಷಯಗಳನ್ನು ಅಲ್ಲಿ ವಾದಕ್ಕೆ ಒಡ್ಡಲಾಗುತ್ತಿತ್ತು. ಮುಂಬಯಿಯಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ಪರಿಸರದಲ್ಲಿ 1848ರಲ್ಲಿ ಹುಟ್ಟಿದ ‘ಸ್ಟೂಡೆಂಟ್ಸ್ ಲಿಟರರಿ ಅಂಡ್ ಸೈಂಟಿಫಿಕ್ ಸೊಸೈಟಿ’ ಮರಾಠಿ ಮತ್ತು ಗುಜರಾತಿ ಶಾಖೆಗಳನ್ನೂ ತೆರೆದು, ಚರ್ಚೆಯನ್ನು ದೇಶಭಾಷೆಗೆ ತಂದಿತು. 1875ರಲ್ಲಿ ಪುಣೆಯಲ್ಲಿ ರಾನಡೆಯವರ ಪ್ರೇರಣೆಯಿಂದ ಆರಂಭವಾದ ವಸಂತ ವ್ಯಾಖ್ಯಾನಮಾಲೆ ಆ ಚಟುವಟಿಕೆಯನ್ನು ನಗರದ ಸಾರ್ವಜನಿಕರೆಡೆಗೆ ಒಯ್ದಿತು.

ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಈ ಪ್ರಭಾವಗಳು ನೇರವಾಗಿಯೇ ಇಲ್ಲಿಗೆ ಹರಿದುಬಂದವು. ಈ ಭಾಗದ ಕಾಲೇಜುಗಳಲ್ಲಿ ವಾರ್ಷಿಕೋತ್ಸವಕ್ಕೆ ‘ಸ್ನೇಹ ಸಮ್ಮೇಳನ’, ವಿದ್ಯಾರ್ಥಿ ಸಂಘಕ್ಕೆ ‘ಜಿಮಖಾನಾ’, ಉಪನ್ಯಾಸ ಸರಣಿಗೆ ‘ವ್ಯಾಖ್ಯಾನಮಾಲೆ’ ಎಂಬ ಹೆಸರುಗಳು ಉಳಿದುಬಂದಿರುವುದು ಆ ಸಂಬಂಧದ ಗುರುತು. ಇನ್ನೊಂದು ಪ್ರವಾಹ ಧಾರವಾಡದಿಂದ ಬಂದಿತು. 1890ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘವೂ 1917ರಲ್ಲಿ ತೆರೆದ ಕರ್ನಾಟಕ ಕಾಲೇಜೂ ಕನ್ನಡ ಯುವಕರಿಗೆ ಸಭೆಯಲ್ಲಿ ಕನ್ನಡದಲ್ಲಿ ಮಾತಾಡುವ ಧೈರ್ಯವನ್ನು ಕೊಟ್ಟವು. ಅತ್ತ ಮೈಸೂರು ಸೀಮೆಯಲ್ಲಿ ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರತಂದು, ವಿದ್ಯಾರ್ಥಿ ಸಂಘವೊಂದು ನಾಡಿನ ವಿಚಾರಪತ್ರಿಕೆಗೆ ತಾಯಿಯಾಗಬಹುದೆಂದು ತೋರಿಸಿತ್ತು.

ವಿಜಯಪುರದಲ್ಲಿ ಈ ಎರಡೂ ಪ್ರವಾಹಗಳನ್ನು ಕೂಡಿಸಿದವರು ಫ.ಗು. ಹಳಕಟ್ಟಿ (1880–1964). ವೃತ್ತಿಯಿಂದ ವಕೀಲರಾದ ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹೀಗೆ ಒಂದು ಕಡೆ ಆಧುನಿಕ ಶಿಕ್ಷಣಕ್ಕೆ ನೆಲೆ ಒದಗಿತು, ಮತ್ತೊಂದು ಕಡೆ ಬಾಗೇವಾಡಿಯ ಮಗನ ಗೋಷ್ಠಿಯ ಮಾತುಗಳು ವಿದ್ಯಾರ್ಥಿಗಳ ಕೈಗೆ ಅಚ್ಚಿನ ರೂಪದಲ್ಲಿ ಬಂದವು. ಮುಂದೆ ಈ ಜಿಲ್ಲೆಯ ಭಾಷಣಕಾರ ವಿದ್ಯಾರ್ಥಿ ಮಾತಿನ ನಡುವೆ ವಚನವನ್ನು ಸಲೀಸಾಗಿ ಉದ್ಧರಿಸುವಂತಾದುದರ ಹಿಂದೆ ಈ ಪರಿಶ್ರಮವಿದೆ.

6. ತಾಲೂಕು ಕೇಂದ್ರದ ಚರ್ಚಾಕೂಟ

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಸ್ಥಾಪನೆಗೊಂಡು ಮರುವರ್ಷ ಧಾರವಾಡದಲ್ಲಿ ನೆಲೆನಿಂತಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಪದವಿ ಶಿಕ್ಷಣ ಜಿಲ್ಲಾ ಕೇಂದ್ರವನ್ನು ದಾಟಿ ತಾಲೂಕು ಕೇಂದ್ರಗಳಿಗೆ ಬಂದಿತು. ಸಿಂದಗಿಯ ಜಿ.ಪಿ. ಪೋರವಾಲ ಕಾಲೇಜು, ಮುದ್ದೇಬಿಹಾಳದ ಎಂ.ಜಿ.ವಿ.ಸಿ. ಕಾಲೇಜುಗಳೂ ಇಂಡಿ, ಬಸವನ ಬಾಗೇವಾಡಿ, ತಾಳಿಕೋಟೆ, ಚಡಚಣಗಳ ಕಾಲೇಜುಗಳೂ ಇಂಥವು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಮುಂದೆ ಅದಕ್ಕೆ ಅಕ್ಕಮಹಾದೇವಿಯ ಹೆಸರನ್ನಿಡಲಾಯಿತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ರೂಪುಗೊಂಡಾಗ ಜಿಲ್ಲೆಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು.

ಈ ಕಾಲೇಜುಗಳಿಗೆ ಬಂದ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಪದವಿಗೆ ಕಾಲಿಟ್ಟ ಮೊದಲಿಗರು. ಅವರಿಗೆ ಚರ್ಚಾಕೂಟವು ಪಠ್ಯದ ಹೊರಗೆ ದೊರೆತ ಒಂದು ದೊಡ್ಡ ಅವಕಾಶ. ಮೇಷ್ಟರ ಎದುರು, ನೂರಾರು ಸಹಪಾಠಿಗಳ ಎದುರು ನಿಂತು ನನ್ನ ಅಭಿಪ್ರಾಯ ಇದು ಎಂದು ಹೇಳುವುದು, ಹಿರಿಯರ ಮುಂದೆ ತಲೆತಗ್ಗಿಸಿ ನಿಲ್ಲುವುದನ್ನೇ ಮರ್ಯಾದೆಯೆಂದು ಕಲಿತು ಬಂದ ಹುಡುಗ ಹುಡುಗಿಯರಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಶಿಕ್ಷಕ ವೃತ್ತಿಗೆ, ವಕೀಲಿಗೆ, ಪತ್ರಿಕೋದ್ಯಮಕ್ಕೆ, ರಾಜಕಾರಣಕ್ಕೆ ಬೇಕಾದ ಮಾತಿನ ಮೊದಲ ಪಾಠ ಇಲ್ಲಿ ನಡೆಯುತ್ತಿತ್ತು. ಈ ಪಾತ್ರವನ್ನು ಕಿರಿದುಮಾಡಿ ನೋಡಲಾಗದು.

ಆದರೆ ಅಂತರ ಕಾಲೇಜು ಚರ್ಚಾಸ್ಪರ್ಧೆಯ ರಚನೆಯನ್ನು ಪರಿಶೀಲಿಸಿದಾಗ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. ಕರ್ನಾಟಕದಲ್ಲೆಲ್ಲ ರೂಢಿಯಲ್ಲಿರುವ ಪದ್ಧತಿಯಂತೆ ಒಂದು ಕಾಲೇಜಿನಿಂದ ಇಬ್ಬರು ಬರುತ್ತಾರೆ. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷಗಳ ಕಾಲಾವಕಾಶ. ಗಂಟೆ ಬಾರಿಸಿದೊಡನೆ ಮುಗಿಸಬೇಕು. ಇಬ್ಬರ ಅಂಕಗಳನ್ನೂ ಕೂಡಿಸಿ ತಂಡಕ್ಕೆ ಪರ್ಯಾಯ ಪಾರಿತೋಷಕ, ಅಂದರೆ ರೋಲಿಂಗ್ ಷೀಲ್ಡ್. ವಿಷಯ ಮಂಡನೆ, ಭಾಷೆ, ಧ್ವನಿ, ಹಾವಭಾವಗಳಿಗೆ ನಿರ್ಣಾಯಕರು ಅಂಕ ಹಾಕುತ್ತಾರೆ.

ಈ ಏರ್ಪಾಟಿನಲ್ಲಿ ವಿರೋಧ ಪಕ್ಷದವನು ಸ್ಪರ್ಧಿಗೆ ತನ್ನದೇ ತಂಡದ ಗೆಳೆಯ. 20 ಕಾಲೇಜುಗಳು ಬಂದರೆ 40 ಜನ ಮಾತಾಡುತ್ತಾರೆ. ಒಬ್ಬನೂ ಮತ್ತೊಬ್ಬನಿಗೆ ಉತ್ತರಿಸಬೇಕಾದುದಿಲ್ಲ. ಎಲ್ಲರೂ ಮನೆಯಲ್ಲಿ ಸಿದ್ಧಪಡಿಸಿ ಬಾಯಿಪಾಠ ಮಾಡಿದ ಭಾಷಣವನ್ನು ಒಪ್ಪಿಸಿ ಇಳಿಯಬಹುದು. ಹಿಂದೆ ಮಾತಾಡಿದವರ ವಾದವನ್ನು ಎತ್ತಿಕೊಂಡು ಖಂಡಿಸುವ ಜಾಣ ವಿದ್ಯಾರ್ಥಿ ಅಪರೂಪಕ್ಕೆ ಕಂಡಾನು. ಆದರೆ ನಿಯಮವು ಅದನ್ನು ಕೇಳುವುದಿಲ್ಲ. ಇಂಗ್ಲಿಷ್ ಮಾದರಿಯಲ್ಲಿದ್ದ ಸಭಿಕರ ಮತವೂ ಇಲ್ಲಿ ಬಿದ್ದುಹೋಯಿತು; ಹಾಡಿಕೆಯಲ್ಲಿದ್ದ ಜವಾಬೂ ಇಲ್ಲಿಗೆ ಬರಲಿಲ್ಲ. ಉಳಿದದ್ದು ಪರೀಕ್ಷೆಯ ಮಾದರಿ: ಒಬ್ಬ ಹೇಳುವವನು, ಅಂಕ ಹಾಕುವವರು ಮೂವರು. ಹೆಸರು ಚರ್ಚಾಸ್ಪರ್ಧೆ, ಸ್ವರೂಪ ಭಾಷಣಸ್ಪರ್ಧೆ.

ವಿಷಯಗಳ ಆಯ್ಕೆಯಲ್ಲಿ ಮಾತ್ರ ಹಾಡಿಕೆಯ ನೆರಳು ಕಾಣುತ್ತದೆ. ವಿಜ್ಞಾನ ವರವೋ ಶಾಪವೋ, ಹಳ್ಳಿಯ ಬಾಳು ಮೇಲೋ ಪಟ್ಟಣದ ಬಾಳು ಮೇಲೋ ಎಂಬಂಥ ಇಬ್ಬಗೆಯ ಪ್ರಶ್ನೆಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದರ ದಾಯಾದಿಗಳೇ ಸರಿ. ರೂಪ ಉಳಿಯಿತು, ಅದರ ಒಳಗಿನ ನ್ಯಾಯ ಉಳಿಯಲಿಲ್ಲ.

ಸಂಘವು ಸಂಘವಾಗಿ ನಿಲ್ಲದಿರಲು ಬೇರೆ ಕಾರಣಗಳೂ ಇದ್ದವು. 1980ರ ದಶಕದ ಕೊನೆಯ ಹೊತ್ತಿಗೆ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತವು. ಚುನಾವಣೆಯ ಜೊತೆಗೆ ಬರುತ್ತಿದ್ದ ಗದ್ದಲ, ಗುಂಪುಗಾರಿಕೆ, ಜಾತಿಬಲದ ಪ್ರದರ್ಶನಗಳನ್ನು ನೆನೆದರೆ ಆ ನಿರ್ಧಾರಕ್ಕೆ ಕಾರಣಗಳಿದ್ದವೆನ್ನಬೇಕು. ಆದರೆ ಅದರೊಡನೆ ಸಹಪಾಠಿಗಳನ್ನು ಮಾತಿನಿಂದ ಒಲಿಸಿಕೊಳ್ಳಬೇಕಾದ ಪ್ರಸಂಗವೂ ಹೋಯಿತು. 2000ದ ದಶಕದಲ್ಲಿ ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಪರೀಕ್ಷೆಗಳ ನಡುವಿನ ಬಿಡುವು ಕಿರಿದಾಯಿತು. ವರ್ಷವಿಡೀ ಕೂಡುವ ಸಂಘದ ಬದಲು ಯುವಜನೋತ್ಸವಕ್ಕೆ ಮುನ್ನ ಇಬ್ಬರನ್ನು ಆರಿಸಿ ಕಳುಹಿಸುವ ವ್ಯವಸ್ಥೆ ಉಳಿಯಿತು.

7. ಭಾಷೆ, ಹೆಣ್ಣು, ನೀರು

ಚರ್ಚಾಕೂಟದ ಪಾತ್ರವನ್ನು ತೂಗುವಾಗ ಮೂರು ಪ್ರಶ್ನೆಗಳು ಎದುರಾಗುತ್ತವೆ. ಯಾವ ಕನ್ನಡದಲ್ಲಿ ವಾದಿಸಬೇಕು, ಯಾರು ವಾದಿಸಬಹುದು, ಯಾವುದನ್ನು ಕುರಿತು ವಾದಿಸಬೇಕು?

ಭಾಷೆಗೆಂದು ಪ್ರತ್ಯೇಕ ಅಂಕಗಳಿರುವಲ್ಲಿ ಭಾಷೆಯೆಂದರೆ ಗ್ರಂಥಸ್ಥ ಕನ್ನಡವೆಂಬ ಎಣಿಕೆ ಸಹಜವಾಗಿಯೇ ನೆಲೆಗೊಳ್ಳುತ್ತದೆ. ಮನೆಯಲ್ಲಿ, ಹೊಲದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹರಿತವಾಗಿ ವಾದಿಸುವ ಹುಡುಗ ವೇದಿಕೆ ಹತ್ತಿದೊಡನೆ ತಡವರಿಸುವುದಕ್ಕೆ ವಿಚಾರದ ಬಡತನ ಕಾರಣವಲ್ಲ. ತಾನು ಯೋಚಿಸುವ ಮಾತನ್ನು ಬಿಟ್ಟು ಬೇರೊಂದು ಮಾತಿನಲ್ಲಿ ನಿಲ್ಲಬೇಕಾದ ಕಷ್ಟ ಕಾರಣ. ಇದೇ ನೆಲದ ಮಾತಿನಲ್ಲಿ ಖಾಜಾಭಾಯಿ ತತ್ತ್ವವನ್ನೂ ತರ್ಕವನ್ನೂ ಕಟ್ಟಿದನೆಂಬುದನ್ನು ನೆನೆದರೆ, ವಾದಕ್ಕೆ ಈ ಭಾಷೆ ಸಾಲದೆಂಬ ಮಾತಿಗೆ ಆಧಾರವಿಲ್ಲ. ಶಿಷ್ಟ ಕನ್ನಡವನ್ನು ಕಲಿಯುವುದು ಅವಶ್ಯವೇ. ಅದನ್ನು ಕಲಿಯುವವರೆಗೆ ವಾದಿಸುವ ಹಕ್ಕಿಲ್ಲವೆನ್ನುವುದು ಬೇರೆ.

ಎರಡನೆಯ ಪ್ರಶ್ನೆಗೆ ಕಾಲೇಜು ಕೊಟ್ಟ ಉತ್ತರ ಹಾಡಿಕೆಗಿಂತ ಉದಾರವಾದುದು. ನಾಗೇಶಿಯ ಗಾಯಕಿ ಸಭೆಯಲ್ಲಿ ಹಾಡಿದುದಕ್ಕೆ ಸಮಾಜಕ್ಕೆ ಬೆಲೆ ತೆರಬೇಕಾಗುತ್ತಿತ್ತು. ಕಾಲೇಜಿನ ವೇದಿಕೆಯು ಹೆಣ್ಣುಮಗಳ ಬಹಿರಂಗದ ಮಾತಿಗೆ ಮರ್ಯಾದೆಯ ಸ್ಥಳವನ್ನು ಒದಗಿಸಿತು. ಅಷ್ಟೇ ಅಲ್ಲ, ಹಾಡಿಕೆಯಲ್ಲಿ ಹೆಣ್ಣಿನ ಪಕ್ಷ ಒಂದೇ; ಕಾಲೇಜಿನಲ್ಲಿ ಆಕೆ ಯಾವ ವಿಷಯದ ಯಾವ ಪಕ್ಷವನ್ನಾದರೂ ಹಿಡಿಯಬಲ್ಲಳು. ಸಭೆಯ ಎದುರು ಉತ್ತರ ಕೊಟ್ಟು ಸ್ಥಾನ ಪಡೆದ ಅಕ್ಕನ ಹೆಸರನ್ನು ಈ ಜಿಲ್ಲೆಯ ವಿಶ್ವವಿದ್ಯಾಲಯ ಹೊತ್ತಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣವಾಗಿದೆ.

ಮೂರನೆಯದು ವಿಷಯದ ಪ್ರಶ್ನೆ. ಹಿಂದಿನ ಬಸವನ ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಕೃಷ್ಣೆಗೆ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಒಕ್ಕಲುಗಳು ಪುನರ್ವಸತಿ ಕೇಂದ್ರಗಳಿಗೆ ಸರಿದವು. 2010ರಲ್ಲಿ ಕೃಷ್ಣಾ ಎರಡನೆಯ ನ್ಯಾಯಾಧಿಕರಣವು ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿಯ ತೀರ್ಪು ಕೊಟ್ಟಿತು. ನೀರು ಬೇಕೆನ್ನುವ ಇಂಡಿ, ಸಿಂದಗಿಗಳ ಒಣಭೂಮಿಯ ವಿದ್ಯಾರ್ಥಿಯೂ ನೆಲ ಕಳೆದುಕೊಂಡ ಮನೆತನದ ವಿದ್ಯಾರ್ಥಿಯೂ ಒಂದೇ ಜಿಲ್ಲೆಯಲ್ಲಿ ಓದುತ್ತಾರೆ. ಇವರಿಬ್ಬರೂ ಎದುರುಬದುರು ನಿಂತು ಸವಾಲು ಹಾಕಿ ಜವಾಬು ಕೇಳಿದರೆ ಅದಕ್ಕಿಂತ ಮೇಲಾದ ಚರ್ಚೆ ಯಾವುದಿದ್ದೀತು? ಗುಳೆಯ ಪ್ರಶ್ನೆಯೂ ಇಂಥದೇ. ವಿಜ್ಞಾನ ವರವೋ ಶಾಪವೋ ಎಂಬ ವಿಷಯದಲ್ಲಿ ಸೋತವನಿಗೂ ಗೆದ್ದವನಿಗೂ ಕಳೆದುಕೊಳ್ಳುವುದೇನೂ ಇರುವುದಿಲ್ಲ. ಮುಳುಗಡೆಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ಎದುರಾಳಿಯ ಮಾತನ್ನು ಕೇಳಿಸಿಕೊಳ್ಳುವುದೇ ಒಂದು ಸಾಮಾಜಿಕ ಕಾರ್ಯವಾಗುತ್ತದೆ.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ನಿಲುವುಗಳಿಗೆ ಬರಬಹುದಾಗಿದೆ. ಈ ನಾಲ್ಕು ತಾಲೂಕುಗಳಲ್ಲಿ ವಿದ್ಯಾರ್ಥಿ ಚರ್ಚಾಕೂಟವು ಬರಿಯ ಆಮದು ಸರಕಲ್ಲ; ಅದನ್ನು ಬರಮಾಡಿಕೊಂಡ ಕಿವಿಗಳು ಮೊದಲೇ ವಾದಕ್ಕೆ ಪಳಗಿದ್ದವು. ಕಾಲೇಜು ವಾದದ ಹಕ್ಕನ್ನು ಹಿಗ್ಗಿಸಿತು: ಹೆಣ್ಣುಮಕ್ಕಳಿಗೆ, ಮೊದಲ ತಲೆಮಾರಿನ ಓದುಗರಿಗೆ, ಪುರಾಣವನ್ನು ಪ್ರಶ್ನಿಸುವವರಿಗೆ ಅದು ವೇದಿಕೆಯಾಯಿತು. ಅದೇ ಕಾಲೇಜು ವಾದದ ಹೊಣೆಯನ್ನು ಕುಗ್ಗಿಸಿತು: ಕೇಳುವುದು, ಉತ್ತರಿಸುವುದು, ಸಭೆಗೆ ಒಪ್ಪಿಸುವುದು ಅನಗತ್ಯವಾದವು. ಹಕ್ಕು ಹಿಗ್ಗಿ ಹೊಣೆ ಕುಗ್ಗಿದ ವಾದವು ವಿತಂಡಾದ ಕಡೆಗೆ ಜಾರುವ ಅಪಾಯವನ್ನು ಇಂದಿನ ಸಾರ್ವಜನಿಕ ಚರ್ಚೆಗಳಲ್ಲಿ ಧಾರಾಳವಾಗಿ ಕಾಣುತ್ತಿದ್ದೇವೆ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಎರಡು ಕಾಲೇಜುಗಳನ್ನು ಎರಡು ಮೇಳಗಳಂತೆ ಎದುರುಬದುರು ನಿಲ್ಲಿಸುವುದು, ಎದುರಾಳಿಯ ಒಂದು ಪ್ರಶ್ನೆಗಾದರೂ ಜವಾಬು ಕೊಡುವುದನ್ನು ಕಡ್ಡಾಯ ಮಾಡುವುದು, ಅಂಕದ ಒಂದು ಪಾಲನ್ನು ಅದಕ್ಕೇ ಮೀಸಲಿಡುವುದು, ಕೊನೆಗೆ ಸಭಿಕರ ಅಭಿಪ್ರಾಯವನ್ನು ಎಣಿಸುವುದು ಇವು ಹಣ ಬೇಡುವ ಸುಧಾರಣೆಗಳಲ್ಲ. ವಾರ್ಷಿಕ ಸಂಚಿಕೆಗಳು, ಜಿಮಖಾನಾದ ನಡಾವಳಿ ಪುಸ್ತಕಗಳು, ಸ್ಪರ್ಧೆಗಳ ಕರಪತ್ರಗಳು ಕಾಲೇಜುಗಳ ಉಗ್ರಾಣಗಳಲ್ಲಿ ಗೆದ್ದಲಿಗೆ ತುತ್ತಾಗುವ ಮುನ್ನ ಅವನ್ನು ಗ್ರಂಥಾಲಯಗಳು ಸಂಗ್ರಹಿಸಿಡಬೇಕು. ಹಾಡಿಕೆಯ ಸವಾಲು–ಜವಾಬುಗಳನ್ನು ಧ್ವನಿಮುದ್ರಿಸುವಾಗ ಒಂದು ಮೇಳದ ಹಾಡನ್ನಷ್ಟೇ ಆಯ್ದುಕೊಳ್ಳದೆ ಇಡೀ ರಾತ್ರಿಯ ಸರಣಿಯನ್ನು ದಾಖಲಿಸಬೇಕು. ಜವಾಬಿನಿಂದ ಬೇರ್ಪಟ್ಟ ಸವಾಲು ಅರ್ಧ ಪಠ್ಯವಷ್ಟೇ.

ಹಲಸಂಗಿಯ ಗೆಳೆಯರು ತಮ್ಮ ಊರಿನ ಹಾಡನ್ನು ಅಚ್ಚಿಗೆ ತಂದು ಶಿಷ್ಟಲೋಕದ ಎದುರು ಇಟ್ಟರು. ಆ ಹಾಡಿನೊಳಗಿದ್ದ ವಾದದ ನೀತಿಯನ್ನು ತರಗತಿಯ ಎದುರು ಇಡುವ ಕೆಲಸ ಇನ್ನೂ ಉಳಿದಿದೆ. ಅದನ್ನು ಕೈಗೆತ್ತಿಕೊಳ್ಳಬೇಕಾದವರು ಈ ತಾಲೂಕುಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು.